ಸಾವಿರ ರೂಪಾಯಿ ದಂಡ ಹಾಕಿದ್ರೆ ಸಿಗರೇಟು ಬಿಡ್ತಾರಾ?

2025ರ ಮೇ ತಿಂಗಳಿಂದ ಕರ್ನಾಟಕದಲ್ಲಿ ಕೋಟ್ಪಾ, ಅಂದ್ರೆ ಸಿಗರೇಟು ಮತ್ತಿತರ ತಂಬಾಕು ಉತ್ಪನ್ನಗಳ ಕಾಯ್ದೆ, ಬಿಗಿಯಾಗಿದೆ. ಸಾರ್ವಜನಿಕ ಜಾಗದಲ್ಲಿ ಸೇದಿದರೆ 200 ರೂಪಾಯಿ ಇದ್ದ ದಂಡ ಈಗ 1,000ದವರೆಗೆ. 21 ತುಂಬದವರಿಗೆ ಮಾರುವಂತಿಲ್ಲ. ಬಿಡಿ ಸಿಗರೇಟನ್ನಂತೂ ಯಾರಿಗೂ ಮಾರುವಂತಿಲ್ಲ. ಇದರಿಂದ ಜನ ಬದಲಾಗ್ತಾರಾ?

ಪರ

ಮೂವತ್ತು ವರ್ಷದ ಹಿಂದಿನ ಬಸ್ಸು ನೆನಪಿಸಿಕೊಳ್ಳಿ. ಮುಂದಿನ ಸೀಟಿನವರು ಬೀಡಿ ಹಚ್ಚಿದರೆ ಹಿಂದೆ ಕೂತ ಹೆಂಗಸು ಸೆರಗನ್ನು ಮೂಗಿಗೆ ಹಿಡಿದು ಸುಮ್ನಿರುತ್ತಿದ್ದರು. ಇವತ್ತು ಯಾರಾದರೂ ಹಚ್ಚಲಿ ನೋಡೋಣ. ಕಂಡಕ್ಟರ್ ಬರೋಕೆ ಮುಂಚೆಯೇ ನಾಲ್ಕು ಜನ "ಏನ್ರೀ ಇದು, ಇಳಿದು ಸೇದಿ" ಅಂತ ಗದರುತ್ತಾರೆ. ಹಾಗೆ ಗದರುವ ಧೈರ್ಯ ಕಾನೂನಿನಿಂದ ಬಂತು. ಸಾರ್ವಜನಿಕ ಜಾಗದಲ್ಲಿ ಸೇದುವಂತಿಲ್ಲ ಅನ್ನೋ 2008ರ ಅಕ್ಟೋಬರ್ 2ರ ನಿಯಮ ಬಂದ ಮೇಲೆ ದಂಡ ಕಟ್ಟಿದವರು ಎಷ್ಟೋ ಏನೋ, ಹಚ್ಚುವ ಮುಂಚೆ ಆಚೀಚೆ ನೋಡುವ ಅಭ್ಯಾಸವಂತೂ ಬಂದಿದೆ.

ವಯಸ್ಕರ ತಂಬಾಕು ಬಳಕೆ ಅಳೆಯುವ ಗ್ಯಾಟ್ಸ್ ಸಮೀಕ್ಷೆ ಪ್ರಕಾರ 2009-10ರಲ್ಲಿ ರಾಜ್ಯದ ವಯಸ್ಕರಲ್ಲಿ ಶೇ 11.9ರಷ್ಟು ಮಂದಿ ಸೇದುತ್ತಿದ್ದರು. 2016-17ಕ್ಕೆ ಅದು 8.8ಕ್ಕೆ ಇಳಿಯಿತು. ಎಲ್ಲವೂ ಕಾನೂನಿನ ಕೆಲಸವೇ ಅನ್ನೋಕಾಗಲ್ಲ, ಬೆಲೆಯೂ ಏರಿತ್ತಲ್ವಾ.

ಬಿಡಿ ಮಾರಾಟ ನಿಲ್ಲಿಸೋದು ಮಾತ್ರ ಸರಿಯಾದ ಏಟು. ಪಿಯು ಹುಡುಗನ ಜೇಬಿನಲ್ಲಿ ಒಂದು ಸಿಗರೇಟಿಗೆ ಸಾಲುವಷ್ಟು ದುಡ್ಡಿರುತ್ತೆ, ಪ್ಯಾಕಿಗೆ ಇರಲ್ಲ. ಹೇಗೋ ಹೊಂದಿಸಿ ಪ್ಯಾಕ್ ಕೊಂಡರೂ ಇಡೋದೆಲ್ಲಿ? ಅಮ್ಮ ಪ್ಯಾಂಟು ಒಗೆಯೋಕೆ ಹಾಕುವಾಗ ಸಿಕ್ಕಿಬೀಳ್ತಾನೆ. ಜೊತೆಗೆ ಪ್ಯಾಕಿನ ಶೇ 85 ಭಾಗ ಎಚ್ಚರಿಕೆಯ ಚಿತ್ರ, ಬಿಡೋಕೆ ಸಹಾಯ ಮಾಡುವ ಫೋನ್ ನಂಬರೂ ಅದರ ಮೇಲೇ ಇದೆ. ಬಿಡಿ ಕೊಂಡವನಿಗೆ ಇದ್ಯಾವುದೂ ಕಣ್ಣಿಗೆ ಬೀಳಲ್ಲ.

ವಿರೋಧ

ನಮ್ಮ ಬೀದಿ ಕೊನೆಯ ಗೂಡಂಗಡಿಗೆ ಬನ್ನಿ. ಕಂಬಕ್ಕೊಂದು ದಾರ, ದಾರದ ತುದಿಗೆ ಲೈಟರ್. ರಾಜ್ಯದಲ್ಲಿ ಬಿಡಿ ಸಿಗರೇಟು 2017ರಲ್ಲೇ ನಿಷೇಧವಾಗಿತ್ತು. ಆ ದಾರವನ್ನು ಇಲ್ಲಿತನಕ ಯಾರೂ ಬಿಚ್ಚಿಲ್ಲ. "ಪ್ಯಾಕ್ ಮಾತ್ರ ಕೊಡ್ತೀನಿ ಅಂದ್ರೆ ಮುಂದಿನ ಅಂಗಡಿಗೆ ಹೋಗ್ತಾರೆ ಸಾರ್, ಟೀನೂ ಅಲ್ಲೇ ಕುಡೀತಾರೆ" ಅಂತಾನೆ ಅಂಗಡಿಯವನು. ಬಿಡಿ ಮಾರಿ ಸಿಕ್ಕಿಬಿದ್ದರೆ ದಂಡ ಕಟ್ಟಬೇಕಾದವನೂ ಇವನೇ, ಸಿಗರೇಟು ಮಾಡುವ ಕಂಪನಿಯಲ್ಲ. ಹುಣಸೂರು, ಪಿರಿಯಾಪಟ್ಟಣದಲ್ಲಿ ಕೇಂದ್ರದ ತಂಬಾಕು ಮಂಡಳಿಯೇ ನಿಂತು ಹೊಗೆಸೊಪ್ಪು ಹರಾಜು ಹಾಕಿಸುತ್ತೆ. ಬೆಳೆಯುವಾಗ ಬೆನ್ನು ತಟ್ಟಿ, ಮಾರುವ ಬಡಪಾಯಿಯ ಕೊರಳಪಟ್ಟಿ ಹಿಡಿಯೋದು ಯಾವ ನ್ಯಾಯ?

ಪ್ಯಾಕಿನ ಲೆಕ್ಕಾಚಾರವೂ ತಲೆಕೆಳಗಾಗುತ್ತೆ. ನನ್ನ ಗೆಳೆಯನೊಬ್ಬ ದಿನಕ್ಕೆ ಎರಡು ಸೇದುತ್ತಿದ್ದ, ಅದೂ ಟೀ ಜೊತೆಗೆ. ಪ್ಯಾಕ್ ಜೇಬಿಗೆ ಬಂದ ಮೇಲೆ ಆರಕ್ಕೆ ಏರಿದೆ. ಕೈಗೆ ಸಿಗೋ ಹಾಗಿದ್ರೆ ಯಾರು ಬಿಡ್ತಾರೆ?

ಇನ್ನು ಗುಟ್ಕಾ ಕತೆ. 2013ರಲ್ಲಿ ರಾಜ್ಯ ಅದನ್ನು ನಿಷೇಧಿಸಿತು. ಈಗ ಪಾನ್ ಮಸಾಲಾದ್ದೊಂದು ಚೀಟು, ತಂಬಾಕಿನದ್ದೊಂದು ಚೀಟು. ಕೊಂಡವನು ಅಲ್ಲೇ ನಿಂತು ಎರಡನ್ನೂ ಬೆರೆಸಿ ಬಾಯಿಗೆ ಹಾಕಿಕೊಳ್ತಾನೆ. 2016-17ರ ಅದೇ ಸಮೀಕ್ಷೆಯಲ್ಲಿ ಜಗಿಯುವಂಥ ಹೊಗೆಯಿಲ್ಲದ ತಂಬಾಕು ಬಳಸುವವರು ಶೇ 16.3. ಸೇದುವವರಿಗಿಂತ ಹೆಚ್ಚುಕಮ್ಮಿ ಎರಡರಷ್ಟು. ಅವರ ಮಾತು ಬಂದಾಗ ಎಲ್ಲರೂ ಯಾಕೋ ಮೌನ.

ದಂಡ ಏರಿದ ಮೇಲೆ ನಮ್ಮ ಬೀದಿಯಲ್ಲಿ ಒಂದು ಬದಲಾವಣೆ ಆಗಿದೆ, ಒಪ್ಕೋತೀನಿ. ಮುಂಚೆ ಅಂಗಡಿ ಮುಂದೆ ನಿಂತು ಸೇದುತ್ತಿದ್ದವರು ಈಗ ಅಲ್ಲಿ ಹಚ್ಚಿಕೊಂಡು ಪಕ್ಕದ ಸಂದಿಗೆ ನುಗ್ಗುತ್ತಾರೆ. ಸಂದಿಯ ಮೇಲಿನ ಮನೆಯವರು ಸಂಜೆಯಾದರೆ ಕಿಟಕಿ ಮುಚ್ಚಿಕೊಳ್ಳುತ್ತಾರೆ.