ಎರಡಡಿ ಗಾಜಿನಲ್ಲಿ ಅವಿಭಕ್ತ ಕುಟುಂಬ

ವಾಸ್ತು ಪ್ರಕಾರ ಮನೆಯ ಈಶಾನ್ಯದ ಅಕ್ವೇರಿಯಂನಲ್ಲಿ ಒಂಬತ್ತು ಮೀನು ಬೇಕು. ಎಂಟು ಕೇಸರಿ ಗೋಲ್ಡ್‌ಫಿಶ್, ಒಂದು ಕಪ್ಪು. ಎಂಟು ಐಶ್ವರ್ಯದ ಲೆಕ್ಕಕ್ಕೆ, ಒಂಬತ್ತನೆಯದು ಮನೆಗೆ ಬಿದ್ದ ದೃಷ್ಟಿ ಹೀರುವುದಕ್ಕೆ. ಎಷ್ಟು ನೀರು ಅಂತ ಕೇಳಿದರೆ ಮಾತ್ರ ವಾಸ್ತುವಿನ ಹತ್ತಿರ ಉತ್ತರವಿಲ್ಲ. ಅದು ಸೋಫಾಕ್ಕೂ ಟಿವಿಗೂ ನಡುವೆ ಉಳಿದ ಜಾಗ ನೋಡಿ ತೀರ್ಮಾನವಾಗುವ ವಿಷಯ, ಮತ್ತು ಉಳಿದಿರುವುದು ಎರಡಡಿ.

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕು ಕಂಠಮಟ್ಟ ತುಂಬಿದರೆ 56 ಲೀಟರ್. ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಬಾಯಿ ತೆರೆದು ಗುಳ್ಳೆ ಬಿಡುವ ನಿಧಿಪೆಟ್ಟಿಗೆ ಕಳೆದರೆ 45. ತಲೆಗೆ ಐದು ಲೀಟರ್. ಗೋಲ್ಡ್‌ಫಿಶ್ ಸಾಕಿ ಪಳಗಿದವರು ಒಂದಕ್ಕೇ ಕಡಿಮೆಯೆಂದರೂ 40 ಲೀಟರ್ ಕೊಡುತ್ತಾರೆ. ಪಾಪ, ಅವರಿಗೆ ಐಶ್ವರ್ಯ ಬೇಡವೇನೋ. ಇನ್ನು ಆ ಕಪ್ಪು ಮೀನು ಸಾಮಾನ್ಯವಾಗಿ ಬ್ಲ್ಯಾಕ್ ಮೂರ್. ಗೋಲಿಯಂತೆ ಕಣ್ಣು ಉಬ್ಬಿಸಿ ಬೆಳೆಸಿದ ತಳಿ, ಎದುರಿಗೆ ಬಿದ್ದ ಕಾಳೇ ಸರಿಯಾಗಿ ಕಾಣುವುದಿಲ್ಲ. ದೃಷ್ಟಿ ತೆಗೆಯಲು ನೇಮಕಗೊಂಡವನಿಗೇ ದೃಷ್ಟಿ ಮಂದ.

ಇಷ್ಟಕ್ಕೇ ನಿಲ್ಲಿಸಿದರೆ ನಾಲ್ಕು ಜನ ಏನಂದಾರು? ಮೊದಲು ಒಂದು ಫ್ಲವರ್‌ಹಾರ್ನ್ ತನ್ನಿ. 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಬೆರಕೆ ಮಾಡಿ ಹುಟ್ಟಿಸಿದ ಮೀನು. ಹಣೆಯ ಮೇಲೆ ಬೋರೆ, ಅದು ದೊಡ್ಡದಾದಷ್ಟೂ ಮನೆಗೆ ಅದೃಷ್ಟವಂತೆ. ಇದಕ್ಕೆ 28 ಡಿಗ್ರಿ ನೀರು ಬೇಕು, ಗೋಲ್ಡ್‌ಫಿಶ್‌ಗೆ 20. ಹೀಟರನ್ನು 24ಕ್ಕೆ ತಿರುಗಿಸಿ, ಇಬ್ಬರಿಗೂ ಸಮಪಾಲು ಕಷ್ಟ. ಜಗಳ ಹೆಚ್ಚು ದಿನ ಇರುವುದಿಲ್ಲ, ಯಾಕೆಂದರೆ ಜಗಳಕ್ಕೆ ಇಬ್ಬರು ಬೇಕು.

ಆಮೇಲೆ ಮಕ್ಕಳ ಹಟಕ್ಕೆ ಒಂದು ಜೊತೆ 'ಶಾರ್ಕ್'. ಅಂಗಡಿಯಲ್ಲಿ ಬೆರಳುದ್ದ, ಬೆಳ್ಳಿ ಬಣ್ಣ, ನಿಲ್ಲದ ಓಡಾಟ. ಹೋಟೆಲಿನಲ್ಲಿ ಬಾಸಾ ಅಂತ ಬೆಣ್ಣೆಯಲ್ಲಿ ಹುರಿದು ಕೊಡುತ್ತಾರಲ್ಲ, ಅದೇ ಜಾತಿ. ಮೀಟರಿಗಿಂತ ಉದ್ದ ಬೆಳೆಯುವ ಮೀನು, ಟ್ಯಾಂಕಿನ ಉದ್ದ 60 ಸೆಂಟಿಮೀಟರ್. ಕೊಂಚ ದಿನಕ್ಕೆ ರಿವರ್ಸ್ ಗೇರ್ ಕಲಿಸಬೇಕಾಗುತ್ತದೆ.

ಆಮೆಯಿಲ್ಲದೆ ಮನೆ ಮನೆಯೇ? ನಾಣ್ಯದಗಲದ ಹಸಿರು ಮರಿ, ಕಿವಿಯ ಹತ್ತಿರ ಕೆಂಪು ಗೀಟು. ಊಟದ ತಟ್ಟೆಯಷ್ಟಾಗುತ್ತದೆ, ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬದುಕುತ್ತದೆ. ಮೈ ಒಣಗಿಸಲು ನೀರಿನ ಮೇಲೆ ಜಾಗ, ಬಿಸಿಲು ಇಲ್ಲವೇ ಬಿಸಿಲಿನ ಬದಲಿಗೆ ಉರಿಸುವ ಯುವಿಬಿ ದೀಪ ಇರದಿದ್ದರೆ ಚಿಪ್ಪು ಮೆತ್ತಗಾಗುತ್ತದೆ. ಅದು ಮೊದಲು ಗೋಲ್ಡ್‌ಫಿಶ್‌ಗಳ ಬಾಲ ಕಚ್ಚುತ್ತದೆ, ಆಮೇಲೆ ಹೀಟರಿನ ಗಾಜಿಗೆ ಗುದ್ದುತ್ತದೆ. ಗಾಜು ಒಡೆದರೆ ಕೈ ಹಾಕುವ ಮುನ್ನ ಪ್ಲಗ್ ಕೀಳಿ, ಇದೊಂದು ತಮಾಷೆಯಲ್ಲ. ಯಾರಾದರೂ ನಕ್ಷತ್ರ ಆಮೆ ತಂದುಕೊಡುತ್ತೇನೆಂದರೆ ಬೇಡವೆನ್ನಿ. ಅದು ನೆಲದ ಪ್ರಾಣಿ. ಮೊದಲು ನೀರಿನಲ್ಲಿ ಅದು ಮುಳುಗುತ್ತದೆ, ಆಮೇಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನೀವು.

ಇಷ್ಟು ಮಂದಿಯ ಹೊಲಸು ಬಳಿಯಲು ಒಂದು 'ಟ್ಯಾಂಕ್ ಕ್ಲೀನರ್'. ಗಾಜಿಗೆ ಬಾಯಿ ಅಂಟಿಸಿ ಕೂರುವ ಈ ಸಕ್ಕರ್ ಮೀನು ತಿನ್ನುವುದು ಪಾಚಿ, ಉಳಿದವರ ಹಿಕ್ಕೆಯಲ್ಲ. ದಿನಾ ಹಾಕುವುದು ಅದರದೇ ಹಿಕ್ಕೆ. ರಾತ್ರಿ ದೀಪ ಆರಿದ ಮೇಲೆ ನಿಧಾನವಾಗಿ ತೇಲುವ ಗೋಲ್ಡ್‌ಫಿಶ್‌ನ ಮೈಗೇ ಅಂಟಿ ಲೋಳೆ ನೆಕ್ಕುವುದೂ ಉಂಟು.

ಈಗ ಮುಹೂರ್ತ. ರಾಹುಕಾಲ ಕಳೆದು ನೀರು ತುಂಬಿ, ಅರ್ಧ ಗಂಟೆಯಲ್ಲಿ ಎಲ್ಲರನ್ನೂ ಒಟ್ಟಿಗೆ ಸುರಿಯುತ್ತಾರೆ. ಮೀನಿನ ಕಿವಿರು, ಹಿಕ್ಕೆಗಳಿಂದ ಬರುವ ಅಮೋನಿಯಾ ಮೀನಿಗೇ ವಿಷ. ಅದನ್ನು ನೈಟ್ರೈಟ್, ನೈಟ್ರೈಟನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅವು ಪಂಚಾಂಗ ನೋಡುವುದಿಲ್ಲ. ಅಮೋನಿಯಾಕ್ಕೆ ಬಣ್ಣವೂ ಇಲ್ಲ, ನೀರು ಕನ್ನಡಿಯಂತಿರುತ್ತದೆ. ಮೂರನೆಯ ದಿನ ಮೀನುಗಳೆಲ್ಲ ಮೇಲೆ ಬಂದು ಬಾಯಿ ಆಡಿಸತೊಡಗುತ್ತವೆ. 'ನೋಡೇ, ನಮ್ಮನ್ನ ಮಾತಾಡಿಸ್ತಿವೆ' ಎಂದು ಮನೆಯವರು ಇನ್ನೊಂದು ಚಮಚ ಕಾಳು ಹಾಕುತ್ತಾರೆ. ತಿನ್ನದೆ ಉಳಿದ ಕಾಳು ಕೊಳೆತು ಇನ್ನಷ್ಟು ಅಮೋನಿಯಾ. ನೀರು ಮಜ್ಜಿಗೆಯಾಗುತ್ತದೆ. ಆಗ ಭಾನುವಾರ ಇಡೀ ಟ್ಯಾಂಕು ಬರಿದು ಮಾಡಿ, ಸ್ಪಂಜನ್ನು ನಲ್ಲಿಯ ಕ್ಲೋರಿನ್ ನೀರಿಗೆ ಹಿಡಿದು ಫಳಫಳ ಮಾಡಿ, ಅಲ್ಪಸ್ವಲ್ಪ ಹುಟ್ಟಿದ್ದ ಬ್ಯಾಕ್ಟೀರಿಯಾವನ್ನೂ ತೊಳೆದು, ಮೊದಲ ದಿನಕ್ಕೆ ಮರಳುತ್ತಾರೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ, ಹೊಸ ನೀರಿಗೆ ಆಂಟಿ ಕ್ಲೋರಿನ್ ಹಾಕಿ, ಸ್ಪಂಜನ್ನು ತೆಗೆದ ಹಳೆ ನೀರಿನಲ್ಲೇ ಹಿಂಡಿದರೆ ಸಾಕಿತ್ತು. ಆದರೆ ಅದರಲ್ಲಿ ಶುದ್ಧಿ ಕಾಣುವುದಿಲ್ಲವಲ್ಲ.

ಒಂಬತ್ತನೆಯದು ತೇಲಿದಾಗ ಯಾರೂ ಅಳುವುದಿಲ್ಲ. 'ದೃಷ್ಟಿ ತಗೊಂಡು ಹೋಯ್ತು, ಒಳ್ಳೇದಾಯ್ತು' ಎನ್ನುತ್ತಾರೆ. ಸಾವು ಸೇವೆಯೆಂದು ಲೆಕ್ಕವಾಗುವ ಮನೆಯಲ್ಲಿ ಅಮೋನಿಯಾ ಪರೀಕ್ಷೆಯ ಕಿಟ್ ಯಾರು ಕೊಳ್ಳುತ್ತಾರೆ?

ಕೊನೆಗೆ ಉಳಿಯುವುದು ಆಮೆ ಮತ್ತು ಕ್ಲೀನರು, ಎರಡೂ ದಪ್ಪಗೆ. ಕೊಂದರೆ ಪಾಪ, ಕೆರೆಗೆ ಬಿಟ್ಟರೆ ಪುಣ್ಯ ಎಂದು ಸಂಜೆ ಬಕೆಟ್ ಹೊರಡುತ್ತದೆ. ಕ್ಲೀನರಿನ ರೂಪದ ಆ ಪುಣ್ಯ ಕೆರೆಯಲ್ಲಿ ಮೊಟ್ಟೆಯಿಟ್ಟು ಸಂಸಾರ ಬೆಳೆಸಿ, ಮುಳ್ಳಿನ ರೆಕ್ಕೆಯಿಂದ ಮೀನುಗಾರರ ಬಲೆ ಹರಿಯುತ್ತದೆ. ಅಮೆರಿಕದ ಅಲಿಗೇಟರ್ ಗಾರ್ ಮೀನು 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಸಿಕ್ಕಿತು, ಈಜಿಕೊಂಡು ಬಂದಿರಲಿಕ್ಕಿಲ್ಲ.

ಬಕೆಟ್ ಖಾಲಿ ಮಾಡಿ ವಾಪಸಾಗುವ ದಾರಿಯಲ್ಲೇ ಅಂಗಡಿ. 'ಬನ್ನಿ ಸಾರ್, ಹೊಸ ಸ್ಟಾಕ್ ಬಂದಿದೆ. ಈ ಸಲ ಕಪ್ಪು ಎರಡು ತಗೊಂಡುಬಿಡಿ, ಒಂದು ಸ್ಪೇರ್ ಇರಲಿ.'