ಓದಲಾಗದ ಕಲ್ಲಲ್ಲ, ಓದದ ಕಲ್ಲು

ನಿನ್ನೆ ರಾತ್ರಿಯಿಂದ ತಲೆ ಬಿಸಿಯಾಗಿದೆ. ವಂಶಾವಳಿ ಹುಡುಕುವವರಿಗಾಗಿ ಸಮಾಧಿಗಳ ಪಟ ಮತ್ತು ವಿವರಗಳನ್ನು ಕೂಡಿಡುವ ಜಾಲತಾಣವೊಂದರಲ್ಲಿ, ಮಂಗಳೂರಿನ ನಮ್ಮ ಹಳೆಯ ಕ್ರೈಸ್ತ ಸ್ಮಶಾನದ ಕಲ್ಲೊಂದರ ಪಟವನ್ನು ಯಾರೋ ಸ್ವಯಂಸೇವಕರು ಏರಿಸಿ, ಅದರ ಕೆಳಗೆ 'ಬರಹ ಓದಲಾಗುವುದಿಲ್ಲ' ಎಂದು ಷರಾ ಬರೆದಿದ್ದಾರೆ. ಕಲ್ಲು ಸವೆದಿಲ್ಲ, ಪಾಚಿ ಕಟ್ಟಿಲ್ಲ, ಪಟವೂ ಮಸುಕಾಗಿಲ್ಲ. ಒಬ್ಬ ಹೆಂಗಸಿನ ಹೆಸರು, ಗಂಡನ ಹೆಸರು, ಕರ್ತನಲ್ಲಿ ನಿದ್ರೆಹೋದ ದಿನ ಎಲ್ಲವೂ ಎದ್ದು ಕಾಣುತ್ತವೆ. ಅವುಗಳ ತಪ್ಪೆಂದರೆ ಕನ್ನಡದಲ್ಲಿರುವುದು.

ಅದೇ ಸಾಲಿನ ಇಂಗ್ಲಿಷ್ ಕಲ್ಲುಗಳನ್ನು ಇದೇ ಮಹಾಶಯರು ಅಲ್ಪವಿರಾಮವನ್ನೂ ಬಿಡದೆ ನಕಲು ಮಾಡಿದ್ದಾರೆ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು ಎಂಬುದು ಎಲ್ಲ ಪುಸ್ತಕಗಳಲ್ಲಿದೆ. ಮಿಶನರಿಗಳ ಪತ್ರಗಳೂ ವರದಿಗಳೂ ಬಾಸೆಲ್ ನಗರದ ದಫ್ತರಖಾನೆಯಲ್ಲಿ ಭದ್ರವಾಗಿವೆ. ಆದರೆ ಆ ಕಾರ್ಖಾನೆಯಲ್ಲಿ ಮಣ್ಣು ತುಳಿದವರು, ಮಿಶನ್ನಿನ ನೇಯ್ಗೆಶಾಲೆಯಲ್ಲಿ ಮಗ್ಗದ ಮುಂದೆ ಕುಳಿತವರು, ಮನೆಯಲ್ಲಿ ತುಳು ಮಾತನಾಡುತ್ತಾ ಸತ್ತ ಮೇಲೆ ಕಲ್ಲಿನ ಮೇಲೆ ಕನ್ನಡವಾದ ನಮ್ಮಂಥವರ ಅಜ್ಜ-ಅಜ್ಜಿಯಂದಿರಿಗೆ ಎಷ್ಟೋ ಬಾರಿ ಆ ಕಲ್ಲೊಂದೇ ದಾಖಲೆ. ನಮ್ಮ ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ನನ್ನ ಮುತ್ತಜ್ಜಿಯ ಹೆಸರಿರಬೇಕಿದ್ದ ಹಾಳೆ ಗೆದ್ದಲಿನ ಪಾಲಾಗಿದೆ. ಅವಳು ಹುಟ್ಟಿದ ವರ್ಷ ನನಗೆ ತಿಳಿದದ್ದು ಕಲ್ಲಿನಿಂದಲೇ.

"ಪುಕ್ಕಟೆಯಾಗಿ ಬಿಸಿಲಲ್ಲಿ ನಿಂತು ಕೆಲಸ ಮಾಡುವವರನ್ನು ಹೀಗೆ ಬೈಯಬಹುದೇ?" ಎಂದು ಗೆಳೆಯರೊಬ್ಬರು ಬೆಳಿಗ್ಗೆಯೇ ಕೇಳಿದರು. ನಾನೂ ನಿವೃತ್ತಿಯಾದಂದಿನಿಂದ ಪ್ರತಿ ಶನಿವಾರ ಅದೇ ಸ್ಮಶಾನದಲ್ಲಿ ಕಲ್ಲುಗಳ ಪಟ ತೆಗೆಯುತ್ತಾ ಪುಕ್ಕಟೆಯಾಗಿಯೇ ನಿಲ್ಲುತ್ತೇನೆ, ಆದ್ದರಿಂದ ಬೈಯುವ ಹಕ್ಕು ನನಗೆ ಸ್ವಲ್ಪ ಹೆಚ್ಚೇ ಇದೆ. ಕನ್ನಡ ಬಾರದಿರುವುದು ಅಪರಾಧವಲ್ಲ. 'ನನಗೆ ಓದಲು ಬರುವುದಿಲ್ಲ' ಎಂದು ಬರೆದಿದ್ದರೆ ನಾನೇ ಓದಿಕೊಡುತ್ತಿದ್ದೆ. ತನಗೆ ಬಾರದ್ದನ್ನು ಕಲ್ಲಿನ ದೋಷವೆಂದು ಬರೆದರೆ, ಮುಂದೆ ಹುಡುಕಿಕೊಂಡು ಬರುವ ಮರಿಮೊಮ್ಮಕ್ಕಳು ಅಲ್ಲಿಂದಲೇ ಹಿಂದಿರುಗುತ್ತಾರೆ. ಬೆಂಗಳೂರಿನಲ್ಲೇ ಹುಟ್ಟಿ ಕನ್ನಡ ಚೆನ್ನಾಗಿ ಬಲ್ಲವರಾಗಿದ್ದ, ಮೈಸೂರು ಸೀಮೆಯ ಸಾವಿರಾರು ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಬಿ. ಎಲ್. ರೈಸ್ ಕೂಡ ಶಾಸನ ಓದಲು ಪಂಡಿತರನ್ನು ಜೊತೆಗಿಟ್ಟುಕೊಂಡಿದ್ದರು. ಈ ಸ್ವಯಂಸೇವಕರು ಗೇಟಿನ ಬಳಿ ಹುಲ್ಲು ಕತ್ತರಿಸುತ್ತಿದ್ದವನನ್ನು ಕೇಳಿದ್ದರೂ ಸಾಕಾಗಿತ್ತು, ಅವನು ಏಳನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದವನು.

ಓದುವುದು ಸುಲಭವೆಂದು ನಾನು ಹೇಳುತ್ತಿಲ್ಲ. ಹಳೆಯ ಕಲ್ಲುಗಳಲ್ಲಿ ಇಸವಿಗಳು ಕನ್ನಡ ಅಂಕಿಗಳಲ್ಲಿವೆ, ಅಂಚು ಸವೆದರೆ ೬ ಯಾವುದು, ೯ ಯಾವುದು ಎಂದು ತಿಳಿಯುವುದಿಲ್ಲ. ಆಗ ಎಳೆಬಿಸಿಲಿರುವಾಗಲೇ ಹೋಗಿ, ಕನ್ನಡಿ ಹಿಡಿದು ಬೆಳಕನ್ನು ಪಕ್ಕದಿಂದ ಓರೆಯಾಗಿ ಬೀಳಿಸಬೇಕು. ಕೊರೆದ ಗೆರೆಯೊಳಗೆ ನೆರಳು ನಿಂತು ಅಕ್ಷರ ಮೇಲೇಳುತ್ತದೆ. ನೀರು ಮತ್ತು ಮೆತ್ತನೆಯ ಬ್ರಷ್ ಬಿಟ್ಟು ಬೇರೇನೂ ಕಲ್ಲಿಗೆ ತಾಗಬಾರದು. ಸೀಮೆಸುಣ್ಣ ಬಳಿಯುವವರನ್ನೂ ಆ್ಯಸಿಡ್ ಸುರಿಯುವವರನ್ನೂ ನೋಡಿದ್ದೇನೆ, ಅವರ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ.

ಇಷ್ಟು ಹಾರಾಡಿದ ಮೇಲೆ ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ಮೊದಲೆರಡು ವರ್ಷ ನಾನೂ ಅಮೃತಶಿಲೆಯ ಇಂಗ್ಲಿಷ್ ಗೋರಿಗಳ ಪಟವನ್ನೇ ತೆಗೆದೆ. ಅವಕ್ಕೆ ಹೊರದೇಶಗಳಿಂದ ಕೋರಿಕೆ ಬರುತ್ತಿತ್ತು, ಕಳಿಸಿದರೆ ಕಣ್ಣೀರು ತುಂಬಿದ ಧನ್ಯವಾದ ಬರುತ್ತಿತ್ತು. ನಮ್ಮವರ ಕಲ್ಲನ್ನು ಯಾರೂ ಕೇಳುತ್ತಿರಲಿಲ್ಲ. ಯಾರೋ ದೊರೆಯ ಸಮಾಧಿಗೆ ಚೌಕಟ್ಟು ಸರಿಹೊಂದಿಸಲು ಹಿಂದೆ ಸರಿದವನು ನನ್ನ ಮುತ್ತಜ್ಜಿಯ ಕಲ್ಲನ್ನೇ ಎಡವಿ ಬಿದ್ದೆ; ಅವಳು ಅಲ್ಲಿದ್ದಾಳೆಂದು ತಿಳಿದದ್ದು ಹಾಗೆ.

ತಿದ್ದುಪಡಿಯನ್ನು ರಾತ್ರಿಯೇ ಕಳಿಸಿದ್ದೆ. ಈಗ ಉತ್ತರ ಬಂದಿದೆ: ಹೆಸರು ಸರಿ, ಆದರೆ ಉಪನಾಮದ ಅಂಕಣದಲ್ಲಿ ಏನು ತುಂಬಬೇಕು, ಅದು ಖಾಲಿಯಿದ್ದರೆ ಪುಟ ಉಳಿಯುವುದಿಲ್ಲ. ಕಲ್ಲಿನ ಮೇಲಿರುವುದು ಇಂಥವನ ಹೆಂಡತಿ ಎಂಬುದಷ್ಟೇ. ಅದನ್ನೇ ತುಂಬಿ ಎಂದು ಬರೆದಿದ್ದೇನೆ, ಕನ್ನಡದಲ್ಲಿ.