ಬೊಮ್ಮಾಯಿಯವರು ಕೇಸ್ ಗೆದ್ದಿದ್ದು ಯಾವಾಗ?

ಅಣ್ಣನ ಮಗಳು ಕಾನೂನು ಓದುತ್ತಿದ್ದಾಳೆ. ಮೊನ್ನೆ ಪರೀಕ್ಷೆಗೆ ಬೊಮ್ಮಾಯಿ ಕೇಸ್ ಓದುತ್ತಾ ಕೂತಿದ್ದವಳು ತಲೆ ಎತ್ತಿ ಕೇಳಿದಳು: "ಅತ್ತೆ, ಕೊನೆಗೆ ಬೊಮ್ಮಾಯಿಯವರು ಮತ್ತೆ ಸಿಎಂ ಆದ್ರಾ?"

ಇಲ್ಲ ಎಂದೆ.

"ಕೇಸ್ ಗೆದ್ರಲ್ಲ?"

ಅವತ್ತಿನಿಂದ ಆ ಮಾತು ತಲೆಯಲ್ಲೇ ಕೂತಿದೆ.

1989ರ ಏಪ್ರಿಲ್. ಕರ್ನಾಟಕದಲ್ಲಿ ಜನತಾದಳದ ಸರ್ಕಾರ, ಎಸ್.ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿ. ಜನತಾದಳದ ಶಾಸಕರೊಬ್ಬರು 19 ಜನ ಶಾಸಕರ ಪತ್ರ ಹಿಡಿದು ರಾಜಭವನಕ್ಕೆ ಹೋದರು, ಸರ್ಕಾರಕ್ಕೆ ಬೆಂಬಲವಿಲ್ಲ ಎಂದು. ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರು 19ರಂದು ರಾಷ್ಟ್ರಪತಿಗೆ ವರದಿ ಕಳಿಸಿದರು. ಮರುದಿನವೇ ಆ 19 ಶಾಸಕರಲ್ಲಿ ಏಳು ಮಂದಿ, ನಮಗೆ ಸುಳ್ಳು ಹೇಳಿ ಸಹಿ ಹಾಕಿಸಿಕೊಂಡರು, ನಾವು ಬೊಮ್ಮಾಯಿಯವರ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. ಅಧಿವೇಶನ 27ಕ್ಕೆ ನಿಗದಿಯಾಗಿತ್ತು. ಬೇಕಿದ್ದರೆ ಇನ್ನೂ ಬೇಗ ಕರೆಯುತ್ತೇನೆ, ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದರು ಬೊಮ್ಮಾಯಿ. ರಾಜ್ಯಪಾಲರು ಒಪ್ಪಲಿಲ್ಲ. 21ಕ್ಕೆ 356ನೇ ವಿಧಿ, ಅಂದರೆ ರಾಷ್ಟ್ರಪತಿ ಆಳ್ವಿಕೆ, ಬಿತ್ತು. ಸರ್ಕಾರವೂ ಹೋಯಿತು, ವಿಧಾನಸಭೆಯೂ ಹೋಯಿತು. ಒಂದೇ ಒಂದು ವಾರ ಕಾದಿದ್ದರೆ ಲೆಕ್ಕ ಸದನದಲ್ಲೇ ಮುಗಿಯುತ್ತಿತ್ತು, ಅಲ್ವಾ?

ಇದನ್ನು ಪ್ರಶ್ನಿಸಿ ಬೊಮ್ಮಾಯಿ ಹಾಕಿದ ಅರ್ಜಿ ನಮ್ಮ ಹೈಕೋರ್ಟಿನಲ್ಲಿ ವಜಾ ಆಯಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿದ್ದು 1994ರ ಮಾರ್ಚ್ 11ಕ್ಕೆ. ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲಿ ತೀರ್ಮಾನವಾಗಬೇಕು, ರಾಜಭವನದಲ್ಲಿ ಅಲ್ಲ. ರಾಷ್ಟ್ರಪತಿ ಆಳ್ವಿಕೆಯ ಆದೇಶವನ್ನೂ ಕೋರ್ಟ್ ಪರಿಶೀಲಿಸಬಹುದು. ಸಂಸತ್ತಿನ ಎರಡೂ ಸದನ ಒಪ್ಪುವ ತನಕ ವಿಧಾನಸಭೆ ವಿಸರ್ಜಿಸುವ ಹಾಗಿಲ್ಲ. ಕರ್ನಾಟಕದಲ್ಲಿ ಮಾಡಿದ್ದು ಸಂವಿಧಾನಕ್ಕೆ ವಿರುದ್ಧ. ಇಷ್ಟನ್ನೂ ಹೇಳಿತು. 1977ರಲ್ಲಿ ಜನತಾ ಸರ್ಕಾರ ಒಂಬತ್ತು ಕಾಂಗ್ರೆಸ್ ರಾಜ್ಯ ಸರ್ಕಾರಗಳನ್ನು ಕಿತ್ತುಹಾಕಿತ್ತು. 1980ರಲ್ಲಿ ಇಂದಿರಾ ಗಾಂಧಿಯವರು ಅದೇ ದಾರಿ ಹಿಡಿದು ಒಂಬತ್ತನ್ನು ಕಿತ್ತರು. ಆ ಚಾಳಿಗೆ ಕಡಿವಾಣ ಬಿದ್ದಿದ್ದು ಈ ತೀರ್ಪಿನಿಂದ. ಇದು ನಮ್ಮ ನೆಲದ ಕೇಸ್ ಅನ್ನುವ ಹೆಮ್ಮೆ ನನಗೆ ಈಗಲೂ ಇದೆ.

ಹುಡುಗಿ ಮಾತ್ರ ನೋಟ್‌ಬುಕ್ಕಿನ ಅಂಚಿನಲ್ಲಿ ಸರ್ಕಾರ ಹೋದ ದಿನ, ತೀರ್ಪು ಬಂದ ದಿನ ಎರಡನ್ನೂ ಬರೆದುಕೊಂಡು ಕಳೆದು ನೋಡಿದಳು. ನಾಲ್ಕು ವರ್ಷ, ಹತ್ತು ತಿಂಗಳು, ಹದಿನೆಂಟು ದಿನ. ಹೆಚ್ಚೂಕಡಿಮೆ ಒಂದು ವಿಧಾನಸಭೆಯ ಪೂರ್ತಿ ಆಯಸ್ಸು. ಅಷ್ಟರಲ್ಲಿ ಚುನಾವಣೆ ಮುಗಿದು ವೀರೇಂದ್ರ ಪಾಟೀಲರು ಬಂದು ಹೋಗಿದ್ದರು, ಬಂಗಾರಪ್ಪನವರು ಬಂದು ಹೋಗಿದ್ದರು, ಮೊಯಿಲಿಯವರು ಕುರ್ಚಿಯಲ್ಲಿದ್ದರು. ಕೋರ್ಟ್ ತಾನೇ ಏನನ್ನು ವಾಪಸ್ ಕೊಡಬೇಕಿತ್ತು?

ಬೇಗ ಆಗುವುದಿಲ್ಲ ಅಂತ ಯಾರೂ ಹೇಳಬೇಡಿ. 2018ರ ಮೇ ನೆನಪಿದೆಯಲ್ಲ? ಯಡಿಯೂರಪ್ಪನವರಿಗೆ ಬಹುಮತ ಸಾಬೀತು ಮಾಡಲು ರಾಜ್ಯಪಾಲರು 15 ದಿನ ಕೊಟ್ಟರು. ಅದೇ ರಾತ್ರಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಬೆಳಗಿನ ಜಾವದ ತನಕ ವಾದ ಕೇಳಿದರು. ಪ್ರಮಾಣವಚನ ತಡೆಯಲಿಲ್ಲ, ನಿಜ. ಆದರೆ 18ಕ್ಕೆ ಆದೇಶ ಬಂತು: ನಾಳೆ ಸಂಜೆ ನಾಲ್ಕಕ್ಕೆ ಬಹುಮತ ತೋರಿಸಿ. 19ರಂದು ನಮ್ಮ ಮನೆಯಲ್ಲಿ ಊಟದ ತಟ್ಟೆ ಒಣಗಿದರೂ ಯಾರೂ ಟಿವಿ ಮುಂದಿನಿಂದ ಏಳಲಿಲ್ಲ. ಮತಕ್ಕೆ ಹಾಕುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ಯಾವ ಪಕ್ಷ ಗೆದ್ದಿತು ಅನ್ನುವುದು ನನಗೆ ಮುಖ್ಯವಲ್ಲ. ಹದಿನೈದು ದಿನದ ಕೆಲಸ ಮೂರೇ ದಿನದಲ್ಲಿ ಮುಗಿಯಿತು.

ಮಹಾರಾಷ್ಟ್ರದಲ್ಲಿ ಹಾಗಾಗಲಿಲ್ಲ. 2022ರ ಜೂನ್‌ನಲ್ಲಿ ಸರ್ಕಾರ ಬಿತ್ತು. ವಿಶ್ವಾಸಮತಕ್ಕೆ ರಾಜ್ಯಪಾಲರು ಕರೆದದ್ದೇ ತಪ್ಪು ಎಂದು ಕೋರ್ಟ್ ಹೇಳಿದ್ದು 2023ರ ಮೇನಲ್ಲಿ. ಆಗ ಮುಖ್ಯಮಂತ್ರಿಯಾಗಿದ್ದ ಉದ್ಧವ್ ಠಾಕ್ರೆ ಸದನ ಎದುರಿಸದೆ ರಾಜೀನಾಮೆ ಕೊಟ್ಟಿದ್ದರಿಂದ ಹಳೆಯ ಸರ್ಕಾರವನ್ನು ಮತ್ತೆ ಕೂರಿಸಲು ಆಗದು ಎಂದೂ ಹೇಳಿತು.

ನನ್ನ ಬೇಡಿಕೆ ಇಷ್ಟೇ. ಸರ್ಕಾರ ಬೀಳಿಸಿದ್ದನ್ನು, ಸದನ ವಿಸರ್ಜಿಸಿದ್ದನ್ನು ಪ್ರಶ್ನಿಸುವ ಅರ್ಜಿ ಬಂದರೆ ವಾರದೊಳಗೆ ವಿಚಾರಣೆ ಶುರುವಾಗಲಿ, ತಿಂಗಳೊಳಗೆ ತೀರ್ಪು ಬರಲಿ. ಅಲ್ಲಿಯ ತನಕ ಹೊಸ ಚುನಾವಣೆಗೆ ತಡೆ ಇರಲಿ. ಸುಪ್ರೀಂ ಕೋರ್ಟ್ ಇದನ್ನು ತನ್ನ ನಿಯಮದಲ್ಲೇ ಬರೆದುಕೊಳ್ಳಲಿ.